ಕಾಟಾದ ಮೇಲೆ ನಿಂತ ಹುಡುಗಿ

ಕಳೆದ ತಿಂಗಳು ರಾಯಬಾಗದಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡವ್ವಾ, ನಾ ಇನ್ನ ಜಿಮ್ಮಿಗಿ ಹೋಗೂದಿಲ್ಲ. ಹತ್ತ ವಾರದಾಗ ಎರಡೂವರಿ ಕಿಲೋ ಏರೇನಿ" ಅಂದಳು. ದನಿಯಲ್ಲಿ ಅಳು ಇತ್ತು. ಪೊಲೀಸ್ ಭರ್ತಿಯ ದೈಹಿಕ ಪರೀಕ್ಷೆಗೆ ಗಟ್ಟಿಯಾಗಬೇಕೆಂದು ನನ್ನ ಮಾತು ಕೇಳಿಯೇ ಭಾರ ಎತ್ತಲು ಶುರು ಮಾಡಿದ್ದ ಹುಡುಗಿ ಅವಳು. ಶುರು ಮಾಡುವಾಗ 51 ಕಿಲೋ ಇದ್ದಳು. ಈಗ ಕಾಟಾ 53.5 ತೋರಿಸುತ್ತಿದೆ.

ಅಷ್ಟರಲ್ಲಿ ತಂಗಿ ಫೋನ್ ಕಸಿದುಕೊಂಡಳು. "ಅಕ್ಕಾ, ನೀನ ಹೇಳಿ ಕಳಿಸಿದ್ದಿ. ಈಗ ಬಂದ ನೋಡ, ಹುಡುಗಿ ರಟ್ಟಿ ಗಂಡಸರ ರಟ್ಟಿ ಆಗ್ಯಾವ. ನಾಳೆ ನೋಡಾಕ ಬಂದವರು ಏನಂದಾರು?"

ನಾನು ಚಿಕ್ಕೋಡಿಯಲ್ಲಿ ಇತಿಹಾಸ ಪಾಠ ಮಾಡುವವಳು. ತಂಗಿಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ರಾತ್ರಿ ಮಲಗಿದಾಗ ನಮ್ಮ ಆಯಿ ನೆನಪಾದಳು. ಈ ಎರಡೂವರೆ ಕಿಲೋದ ಲೆಕ್ಕವನ್ನು ಅವಳಿಂದಲೇ ಶುರು ಮಾಡಬೇಕು ಅನ್ನಿಸಿತು.

ನಮ್ಮ ಸೀಮೆಯಲ್ಲಿ ಭಾರ ಎತ್ತುವುದು ಹೊಸದೇನಲ್ಲ. ಅಥಣಿ, ರಾಯಬಾಗ ಕಡೆಯ ಎಷ್ಟೋ ಊರುಗಳಲ್ಲಿ ಹನುಮಪ್ಪನ ಗುಡಿಯ ಮುಂದೆ ದುಂಡನೆಯ ಕಲ್ಲು ಬಿದ್ದಿರುತ್ತದೆ. ಜಾತ್ರೆ ಬಂತೆಂದರೆ ಗುಂಡು ಎತ್ತುವುದು, ಸಂಗ್ರಾಣಿ ಕಲ್ಲು ಎತ್ತುವುದು, ಕ್ವಿಂಟಲ್ ಜೋಳದ ಚೀಲ ಹೆಗಲಿಗೆ ಏರಿಸುವುದು ನಡೆಯುತ್ತವೆ. ಎತ್ತಿದವನಿಗೆ ಹಲಗೆ ಬಾರಿಸುತ್ತಾರೆ, ಪಟಕಾ ಸುತ್ತುತ್ತಾರೆ, ಬೆಳ್ಳಿ ಕಡಗ ಹಾಕುತ್ತಾರೆ. ಯಾವ ವರ್ಷ ಯಾರು ಎಷ್ಟು ಎತ್ತಿದರು ಎಂಬುದನ್ನು ಕಟ್ಟೆಯ ಮೇಲಿನ ಹಿರಿಯರು ಇವತ್ತಿಗೂ ಬಾಯಲ್ಲೇ ಹೇಳುತ್ತಾರೆ. ಆ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರನ್ನೂ ನಾನು ಕೇಳಿಲ್ಲ.

ಹಾಗೆಂದು ಹೆಂಗಸರು ಎತ್ತಲಿಲ್ಲವೇ? ನಮ್ಮ ಆಯಿ ನಿಪ್ಪಾಣಿಯ ತಂಬಾಕು ವಖಾರದಲ್ಲಿ ದುಡಿದವಳು. ಆಗ ನಿಪ್ಪಾಣಿ ಇನ್ನೂ ಚಿಕ್ಕೋಡಿ ತಾಲೂಕಿನಲ್ಲೇ ಇತ್ತು. ನಸುಕಿನಲ್ಲಿ ಎದ್ದು ಬೀಸುವ ಕಲ್ಲಿಗೆ ಕೂರುತ್ತಿದ್ದಳು, ಬಾವಿಯಿಂದ ನೀರು ಹೊರುತ್ತಿದ್ದಳು. ಆಮೇಲೆ ವಖಾರಕ್ಕೆ ಹೋಗಿ ದಿನವಿಡೀ ತಂಬಾಕು ಬಡಿಯುವುದು, ಜರಡಿ ಹಿಡಿಯುವುದು, ಚೀಲ ಎಳೆಯುವುದು. ಸಂಜೆ ಬರುವಾಗ ತಲೆಯ ಮೇಲೆ ಕಟ್ಟಿಗೆಯ ಹೊರೆ. ಒಂದು ದಿನಕ್ಕೆ ಅವಳು ಎತ್ತಿ ಇಳಿಸಿದ ಭಾರವನ್ನು ಕೂಡಿಸಿದರೆ ಜಾತ್ರೆಯ ಯಾವ ಪೈಲ್ವಾನನಿಗೂ ಕಡಿಮೆ ಆಗುತ್ತಿರಲಿಲ್ಲ. ಅವಳಿಗೆ ಯಾರೂ ಹಲಗೆ ಬಾರಿಸಲಿಲ್ಲ.

ಆ ವಖಾರಗಳ ಹೆಂಗಸರು ಚರಿತ್ರೆಯಲ್ಲಿ ಕಾಣಿಸಿಕೊಂಡಿದ್ದು ಸಂಘಟನೆ ಕಟ್ಟಿದ ಮೇಲೆ. ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಸೇರಿ ಅವರು ಕೂಲಿಗಾಗಿ, ಕೆಲಸದ ಹೊತ್ತಿಗಾಗಿ ಹೋರಾಡಿದರು. 1982ರಲ್ಲಿ ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ್ ತಂಡ ನಿಪ್ಪಾಣಿಗೆ ಬಂದು 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ನಾನು ಅದನ್ನು ನೋಡಿದ್ದು ಬಹಳ ತಡವಾಗಿ. ತಂಬಾಕಿನ ದೂಳಿನ ನಡುವೆ ದುಡಿಯುವ ಆ ಹೆಂಗಸರನ್ನು ನೋಡುತ್ತ ಆಯಿಯ ಕೈ ಹುಡುಕುತ್ತಿದ್ದೆ. ಬಲ ಇದ್ದ ಕೈಗಳು, ಆದರೆ ಮಾಂಸ ಇಲ್ಲದ ಕೈಗಳು.

ಆಯಿಯನ್ನು ಮೊದಲ ಸಲ ತೂಗಿದ್ದು ಅವಳಿಗೆ ಎಪ್ಪತ್ತಾದ ಮೇಲೆ. ಅಂಗಳದಲ್ಲಿ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯ ಕಾಟಾ 38 ಕಿಲೋ ತೋರಿಸಿತು. "ಎಲುಬು ಟೊಳ್ಳಾಗ್ಯಾವ್ರಿ" ಅಂದರು ಡಾಕ್ಟರು. ಅರವತ್ತು ವರ್ಷ ಭಾರ ಎತ್ತಿದವಳ ಎಲುಬು ಟೊಳ್ಳಾಗುವುದು ಹೇಗೆ ಎಂದು ನನಗೆ ಆಗ ಬಗೆಹರಿಯಲಿಲ್ಲ. ಭಾರ ಎತ್ತಿದರೆ ಮೈ ಗಟ್ಟಿಯಾಗಬೇಕಲ್ಲವೇ?

ಗಟ್ಟಿಯಾಗುವುದಕ್ಕೆ ಮೂರು ಬೇಕು: ಭಾರ, ಅನ್ನ, ವಿಶ್ರಾಂತಿ. ಭಾರ ಹೊತ್ತಾಗ ಸ್ನಾಯುವಿನ ಎಳೆಗಳ ಮೇಲೆ ಒತ್ತಡ ಬೀಳುತ್ತದೆ. ನಿದ್ದೆ ಮಾಡುವಾಗ, ಬಿಡುವಿನಲ್ಲಿ ಇರುವಾಗ ಮೈ ಅವನ್ನು ಮೊದಲಿಗಿಂತ ದಪ್ಪಗೆ ಕಟ್ಟಿಕೊಳ್ಳುತ್ತದೆ. ಕಟ್ಟುವುದಕ್ಕೆ ಪ್ರೋಟೀನು ಬೇಕು. ಅನ್ನವೂ ಇಲ್ಲ, ಬಿಡುವೂ ಇಲ್ಲ ಎಂದರೆ ಅದೇ ಭಾರ ಮೈಯನ್ನು ಸವೆಸುತ್ತದೆ. ಗರಡಿಮನೆಯವರಿಗೆ ಇದು ಯಾವತ್ತೋ ಗೊತ್ತಿತ್ತು. ಪೈಲ್ವಾನನಿಗೆ ಖುರಾಕು ಎಂದರೆ ಹಾಲು, ತುಪ್ಪ, ಬದಾಮಿ, ಮೇಲೆ ನಿದ್ದೆ. ಮನೆಯ ಎಮ್ಮೆಯ ಹಾಲು ಗರಡಿಗೆ ಹೋಗುವ ಗಂಡುಮಗನ ಲೋಟಕ್ಕೆ ಹೋಗುತ್ತಿತ್ತು. ಆಯಿ ಎಲ್ಲರೂ ಉಂಡ ಮೇಲೆ ಉಳಿದ ರೊಟ್ಟಿ, ಖಾರ ತಿನ್ನುತ್ತಿದ್ದಳು.

ಈ ಕಥೆ ಮುಗಿದಿಲ್ಲ. ಈಗ ಕಾಗವಾಡ ತಾಲೂಕಿನಲ್ಲಿರುವ ಉಗಾರ ಖುರ್ದದಲ್ಲಿ 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಶುರುವಾಯಿತು. ಆಮೇಲೆ ಕೃಷ್ಣಾ ನದಿಯ ಎರಡೂ ದಂಡೆಯಲ್ಲಿ ಕಾರ್ಖಾನೆಗಳು ಎದ್ದವು. ಹಂಗಾಮು ಬಂದರೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಜೋಡಿಗೆ ಒಂದೇ ಲೆಕ್ಕ, 'ಒಂದು ಕೊಯ್ತಾ' ಎಂದು. ಹೆಣ್ಣುಮಗಳು 30-40 ಕಿಲೋ ಹೊರೆಯನ್ನು ತಲೆಗೆ ಏರಿಸಿಕೊಂಡು ಹಲಗೆಯ ಮೇಲೆ ನಡೆದು ಲಾರಿ ಹತ್ತುತ್ತಾಳೆ. ದಿನಕ್ಕೆ ಎಷ್ಟು ಸಲ ಎಂದು ಎಣಿಸುವವರಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಮೈಗೆ ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದು ಎನ್ನುತ್ತಿತ್ತು; ಗಂಡಸರು, ಹೆಂಗಸರು, ಹರೆಯದವರಿಗೆ ಬೇರೆ ಬೇರೆ ಮಿತಿ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಡುತ್ತಿತ್ತು. ಆದರೆ ಆ ಕಾಯ್ದೆ ಕಾರ್ಖಾನೆಯ ಗೇಟಿನ ಒಳಗಿನದಾಗಿತ್ತು. ಕಬ್ಬಿನ ಗದ್ದೆ ಗೇಟಿನ ಹೊರಗಿದೆ.

ಈ ಗ್ಯಾಂಗುಗಳ ದೊಡ್ಡ ತವರು ಮಹಾರಾಷ್ಟ್ರದ ಬೀಡ ಜಿಲ್ಲೆ. 2019ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ಸಮಿತಿ ಕಬ್ಬು ಕಡಿಯುವ 82,309 ಮಹಿಳೆಯರ ಸಮೀಕ್ಷೆ ಮಾಡಿತು. ಅವರಲ್ಲಿ 13,861 ಮಂದಿಯ ಗರ್ಭಕೋಶ ತೆಗೆಯಲಾಗಿತ್ತು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ, ದಂಡ ಬೀಳುತ್ತದೆ ಎಂಬ ಭಯವೂ ಇದರ ಹಿಂದಿತ್ತು. ಹೆಣ್ಣು ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಎಂದು ಜಿಮ್ಮಿಗೆ ಹೋಗುವ ಹುಡುಗಿಗೆ ಬುದ್ಧಿ ಹೇಳುವ ನಾವು, ಈ ಹೆಂಗಸರು ಹೊರೆ ಹೊತ್ತು ನಮ್ಮ ಮುಂದೆಯೇ ಹೋಗುವಾಗ ಒಂದು ಮಾತನ್ನೂ ಆಡುವುದಿಲ್ಲ.

ಹಾಗಾದರೆ ಗಂಡಸಿನ ಹಾಗೆ ಉಂಡು, ಗಂಡಸಿನ ಹಾಗೆ ಬಲ ಬೆಳೆಸಿಕೊಂಡ ಹೆಣ್ಣನ್ನು ನಮ್ಮ ಸೀಮೆ ಹೇಗೆ ನೋಡಿತು? ಅದಕ್ಕೂ ಒಂದು ಉತ್ತರ ಇದೆ. ನಿಪ್ಪಾಣಿಯಿಂದ ಕೊಲ್ಹಾಪುರ ಬಸ್ಸಿಗೆ ಒಂದು ತಾಸಿನ ದಾರಿ. ರಾಯಬಾಗವಂತೂ ವಿಲೀನ ಆಗುವವರೆಗೆ ಕೊಲ್ಹಾಪುರ ಸಂಸ್ಥಾನದ್ದೇ ಆಗಿತ್ತು. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನ ನಮ್ಮ ಪೈಲ್ವಾನರಿಗೆ ಕಾಶಿ ಇದ್ದ ಹಾಗೆ. 1950ರ ದಶಕದಲ್ಲಿ ಹಮೀದಾ ಬಾನು ಎಂಬ ಕುಸ್ತಿಪಟು ಕೊಲ್ಹಾಪುರಕ್ಕೆ ಬಂದಳು. ಉತ್ತರ ಪ್ರದೇಶದ ಹೆಣ್ಣುಮಗಳು. ಐದು ಅಡಿ ಮೂರು ಇಂಚು ಎತ್ತರ, 108 ಕಿಲೋ ತೂಕ. ನನ್ನನ್ನು ಸೋಲಿಸಿದವನನ್ನು ಮದುವೆ ಆಗುತ್ತೇನೆ ಎಂದು ಪಂಥ ಹಾಕಿದ್ದವಳು. 1954ರಲ್ಲಿ ಬಡೋದೆಯಲ್ಲಿ ಬಾಬಾ ಪೈಲ್ವಾನನನ್ನು ಎರಡು ನಿಮಿಷದೊಳಗೆ ಚಿತ್ತು ಮಾಡಿದಳು. ಕೊಲ್ಹಾಪುರದಲ್ಲಿ ಶೋಭಾಸಿಂಗ್ ಪಂಜಾಬಿಯನ್ನು ಸೋಲಿಸಿದಾಗ ನೆರೆದ ಜನ ಅವಳ ಮೇಲೆ ಕಲ್ಲು ತೂರಿದರು. ಪೊಲೀಸರು ಬರಬೇಕಾಯಿತು. ಮುಂದೆ ಕುಸ್ತಿಗೆ ತಡೆ ಬಿದ್ದಾಗ ಅವಳು ಮುಂಬಯಿ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ ಅವರಿಗೇ ದೂರು ಕೊಟ್ಟಳು. ತಡೆದಿದ್ದು ಹೆಣ್ಣೆಂಬ ಕಾರಣಕ್ಕಲ್ಲ, ಎದುರಿಗೆ ನಿಲ್ಲಿಸುವ ಜಟ್ಟಿಗಳು ನಕಲಿ ಎಂಬ ದೂರು ಇರುವುದಕ್ಕೆ ಎಂಬ ಉತ್ತರ ಬಂತು. 1956ರವರೆಗೆ ಬೆಳಗಾವಿ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲೇ ಇತ್ತು. ಆ ಮುಖ್ಯಮಂತ್ರಿ ನಮ್ಮ ಆಯಿಗೂ ಮುಖ್ಯಮಂತ್ರಿ.

ಹಮೀದಾಳ ಊಟದ ಪಟ್ಟಿಯನ್ನು ಪತ್ರಿಕೆಗಳು ಬೆರಗಿನಿಂದ ಛಾಪಿಸಿದವು. ಐದೂವರೆ ಲೀಟರಿಗೂ ಮಿಕ್ಕಿ ಹಾಲು, ಕೋಳಿ, ಕಿಲೋ ಹತ್ತಿರ ಮಟನ್, ಬೆಣ್ಣೆ, ಬದಾಮಿ, ಬಿರಿಯಾನಿ. ಗಂಡು ಪೈಲ್ವಾನ ಇಷ್ಟು ಉಂಡರೆ ಖುರಾಕು. ಹೆಣ್ಣು ಉಂಡರೆ ಸುದ್ದಿ.

ಭಾರ ಎತ್ತುವ ಆಟದಲ್ಲೂ ಹೆಣ್ಣಿಗೆ ಬಾಗಿಲು ತೆರೆದಿದ್ದು ತಡವಾಗಿಯೇ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1987ರಲ್ಲಿ. ಒಲಿಂಪಿಕ್ಸಿಗೆ ಬಂದಿದ್ದು 2000ದ ಸಿಡ್ನಿಯಲ್ಲಿ. ಅಲ್ಲಿ ಆಂಧ್ರದ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದರು. ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ಅವರ ಮೈತೂಕದ ಚರಿತ್ರೆಯನ್ನು ನಾನು ತಂಗಿಯ ಮಗಳಿಗೆ ಬರೆದು ಕಳಿಸಿದೆ. 1994 ಮತ್ತು 1995ರಲ್ಲಿ ವಿಶ್ವ ಚಾಂಪಿಯನ್ ಆದಾಗ 54 ಕಿಲೋ ವಿಭಾಗ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ಗೆದ್ದಾಗ 63 ಕಿಲೋ. ಸಿಡ್ನಿಯಲ್ಲಿ 69 ಕಿಲೋ. ಸಿಡ್ನಿಗೆ ಹೊರಡುವ ಮೊದಲು ದಪ್ಪಗಾಗಿದ್ದಾಳೆ, ಇವಳ ಕಾಲ ಮುಗಿಯಿತು ಎಂದು ನಮ್ಮ ಪತ್ರಿಕೆಗಳೇ ಟೀಕಿಸಿದ್ದವು. ಆ ಮೈ ಸಿಡ್ನಿಯಲ್ಲಿ 110 ಮತ್ತು 130, ಒಟ್ಟು 240 ಕಿಲೋ ಎತ್ತಿತು. ಚಿನ್ನ ಗೆದ್ದವರಿಗೂ ಅವರಿಗೂ ನಡುವೆ ಇದ್ದದ್ದು ಎರಡೂವರೆ ಕಿಲೋ. ತಂಗಿಯ ಮಗಳು ಏರಿದ್ದೂ ಅಷ್ಟೇ.

ಇನ್ನೊಂದು ಉದಾಹರಣೆಯನ್ನೂ ಸೇರಿಸಿದೆ. ಬಲಕ್ಕೆ ಮೈ ಹಿಗ್ಗಲೇಬೇಕು ಎಂದೇನಿಲ್ಲ. ಟೋಕಿಯೊದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು 49 ಕಿಲೋ ವಿಭಾಗದವರು. ಅವರು ತಲೆಯ ಮೇಲಕ್ಕೆ ಎತ್ತಿದ್ದು 115 ಕಿಲೋ, ನಮ್ಮ ಜಾತ್ರೆಯ ಜೋಳದ ಚೀಲಕ್ಕಿಂತ ಹೆಚ್ಚು.

ಆದರೆ ಹುಡುಗಿಯನ್ನು ಒಪ್ಪಿಸಿದ್ದು ಈ ದೊಡ್ಡವರ ಕಥೆಗಳಲ್ಲ, ಅವಳ ಅಪ್ಪನ ಕಬ್ಬು. ನಮ್ಮ ಕಡೆ ಕಬ್ಬು ಬೆಳೆಯುವವರಿಗೆ ಕಾಟಾದ ಬಗ್ಗೆ ಯಾವಾಗಲೂ ಸಂಶಯ. ಇನ್ನು ಕಾಟಾ ನೆಟ್ಟಗಿದ್ದರೂ ಮಾತು ಮುಗಿಯುವುದಿಲ್ಲ. ಟನ್ ಒಂದು ಲೆಕ್ಕ, ರಿಕವರಿ ಇನ್ನೊಂದು ಲೆಕ್ಕ. ಕಬ್ಬಿನಲ್ಲಿ ಸಕ್ಕರೆ ಎಷ್ಟು ಇಳಿಯುತ್ತದೆ ಎಂಬುದರ ಮೇಲೆ ಸರ್ಕಾರ ದರ ಕಟ್ಟುತ್ತದೆ. 2024-25ರ ಹಂಗಾಮಿಗೆ 10.25 ಶೇಕಡಾ ರಿಕವರಿಗೆ ಕ್ವಿಂಟಲಿಗೆ 340 ರೂಪಾಯಿ. ಹತ್ತು ಟನ್ ಎಂದಷ್ಟೇ ಹೇಳಿದರೆ ಒಳಗೆ ಸಕ್ಕರೆ ಎಷ್ಟು, ನೀರೆಷ್ಟು, ಸಿಪ್ಪೆಯೆಷ್ಟು ತಿಳಿಯುವುದಿಲ್ಲ.

"ನಿನ್ನ ಎರಡೂವರಿ ಕಿಲೋದ ರಿಕವರಿ ನೋಡೀಯೇನ?" ಎಂದು ಕೇಳಿದೆ.

ಭಾರ ಎತ್ತಲು ಶುರು ಮಾಡಿದ ಹೆಣ್ಣಿನ ಮೈಯಲ್ಲಿ ಏನಾಗುತ್ತದೆ? ಮೊದಲ ಕೆಲವು ವಾರ ಬಲ ಏರುವುದು ಹೆಚ್ಚಾಗಿ ನರಗಳಿಂದ. ಇರುವ ಸ್ನಾಯುವನ್ನೇ ಮಿದುಳು ಚೆನ್ನಾಗಿ ದುಡಿಸಲು ಕಲಿಯುತ್ತದೆ. ಸ್ನಾಯು ತನ್ನೊಳಗೆ ಗ್ಲೈಕೋಜನ್ ಎಂಬ ಇಂಧನವನ್ನು ಹೆಚ್ಚು ತುಂಬಿಕೊಳ್ಳುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮ್ ನೀರೂ ಸೇರುತ್ತದೆ. ಕಾಟಾದಲ್ಲಿ ಮೊದಲು ಕಾಣುವ ಏರಿಕೆಯಲ್ಲಿ ಈ ನೀರಿನ ಪಾಲು ದೊಡ್ಡದು. ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಕಿಲೋ ಹೆಚ್ಚು ಕಡಿಮೆ ಆಗುವುದೂ ನೀರಿನಿಂದಲೇ. ನಿಜವಾದ ಸ್ನಾಯು ಬೆಳೆಯುವುದು ಆಮೇಲೆ, ನಿಧಾನವಾಗಿ. ಸ್ನಾಯು ಕೊಬ್ಬಿಗಿಂತ ಬಿಗಿ. ಒಂದು ಲೀಟರಿನಷ್ಟು ಸ್ನಾಯು ಸುಮಾರು 1,060 ಗ್ರಾಮ್ ತೂಗಿದರೆ ಅಷ್ಟೇ ಕೊಬ್ಬು 900 ಗ್ರಾಮ್ ತೂಗುತ್ತದೆ. ಅದಕ್ಕೇ ತೂಕ ಏರಿದರೂ ನಡು ಸಣ್ಣಗಾಗಬಹುದು. ಇನ್ನು 'ಗಂಡಸರ ರಟ್ಟೆ' ಎಂಬ ಹೆದರಿಕೆ. ಹೆಂಗಸರ ಮೈಯಲ್ಲಿ ಟೆಸ್ಟೋಸ್ಟೆರಾನ್ ಗಂಡಸರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಹತ್ತು ವಾರಕ್ಕೆ ಗಂಡಸಿನ ರಟ್ಟೆ ಬರುವ ಹಾಗಿದ್ದರೆ ಮಲ್ಲೇಶ್ವರಿ ಅಷ್ಟು ವರ್ಷ ಬೆವರು ಸುರಿಸಬೇಕಿರಲಿಲ್ಲ.

ಹುಡುಗಿ ದರ್ಜಿಯ ಟೇಪು ತಂದು ಅಳೆದಳು. ನಡು ಒಂದೂವರೆ ಇಂಚು ಕಡಿಮೆ ಆಗಿತ್ತು. ಮೊದಲ ವಾರ 20 ಕಿಲೋ ಹೊತ್ತು ಕುಳಿತು ಏಳಲು ಕಷ್ಟಪಟ್ಟವಳು ಈಗ 45 ಕಿಲೋ ಹೊರುತ್ತಿದ್ದಳು. ಇದು ಅವಳ ರಿಕವರಿ.

ಉಳಿದದ್ದು ಅನ್ನದ ಮಾತು. ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಮ್ ಪ್ರೋಟೀನು ಬೇಕೆಂದು ನಮ್ಮ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಹೇಳುತ್ತದೆ. ಭಾರ ಎತ್ತುವವರಿಗೆ ಇದರ ಎರಡು ಪಟ್ಟಿನ ಹತ್ತಿರ ಬೇಕು. ಇವಳಿಗೆ 80 ಗ್ರಾಮಿನ ಮೇಲೆ. ಡಬ್ಬಿಯ ಪುಡಿಯೇ ಆಗಬೇಕೆಂದಿಲ್ಲ. ನೂರು ಗ್ರಾಮ್ ಶೇಂಗಾದಲ್ಲಿ 25 ಗ್ರಾಮ್, ಒಂದು ಮೊಟ್ಟೆಯಲ್ಲಿ 6, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಮ್ ಇದೆ. ಹುರುಳಿ, ಕಡಲೆ, ಮೊಸರು, ಶೇಂಗಾ ಹಿಂಡಿ ನಮ್ಮ ಮನೆಯಲ್ಲೇ ಇವೆ. ಅವು ಯಾರ ತಾಟಿಗೆ ಹೋಗುತ್ತವೆ ಎಂಬುದಷ್ಟೇ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಉಳಿದಿದ್ದನ್ನು ಉಣ್ಣುವ ಆಯಿಯ ಪದ್ಧತಿ ಆಯಿಯೊಂದಿಗೆ ಹೋಗಿಲ್ಲ.

ತಂಗಿಗೆ ಇದನ್ನೆಲ್ಲ ಹೇಳಲಿಲ್ಲ. ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: "ಆಯಿನ ಕಾಟಾದ ಮ್ಯಾಲೆ ನಿಲ್ಲಿಸಿದಾಗ ನೀನೂ ಇದ್ದೆಲ್ಲ, ಎಷ್ಟ ತೂಗಿದ್ದಳು ನೆನಪೈತೇನ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಮೂವತ್ತೆಂಟ" ಅಂದಳು ಮೆಲ್ಲಗೆ. ಆಯಿಯನ್ನು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದವಳು ಅವಳೇ.

ಹುಡುಗಿ ಮತ್ತೆ ಜಿಮ್ಮಿಗೆ ಹೋಗುತ್ತಿದ್ದಾಳೆ. ತಂಗಿ ರಟ್ಟೆಯ ಬಗ್ಗೆ ಇನ್ನೂ ಗೊಣಗುತ್ತಾಳೆ. ಆದರೆ ಮುಂಜಾನೆ ಎಮ್ಮೆ ಹಿಂಡಿದ ಮೇಲೆ ಮಗನ ಲೋಟವನ್ನಷ್ಟೇ ತುಂಬಿಸುತ್ತಿದ್ದವಳು ಈಗ ಎರಡು ಲೋಟ ಇಡುತ್ತಾಳಂತೆ.