ತಲಾಠಿ ಹೋಗಿ ಡೀಮನ್ ಬಂದ

ಪಹಣಿಗೆ ಬಾದಾಮಿ, ಹುನಗುಂದದ ಕಡೆ ಉತಾರ ಅನ್ನುತ್ತಾರೆ. ಒಂದು ಕಾಲಕ್ಕೆ ಅದಕ್ಕಾಗಿ ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ದಫ್ತರ ಅವರ ಬಳಿ, ಸರದಿಯೂ ಅವರ ಮರ್ಜಿ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ 177 ತಾಲ್ಲೂಕುಗಳ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೇರಿಸಿತು. ಆಗ 15 ರೂಪಾಯಿಗೆ ಕೌಂಟರಿನಲ್ಲೇ ಪ್ರತಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳೂ ಬಂದ ಕ್ರಮದಲ್ಲೇ ಮುಂದೆ ಹೋಗಬೇಕಾಯಿತು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ.

ದಾಖಲೆ ಹುಡುಕಿಕೊಡುವುದು ಸರ್ವರಿನಲ್ಲಿ ಕಣ್ಣಿಗೆ ಕಾಣದಂತೆ ಓಡುವ ಒಂದು ಪ್ರೋಗ್ರಾಂ. ಅಂಥವಕ್ಕೆ ಎಂಐಟಿಯವರು 1963ರಲ್ಲಿ ‘ಡೀಮನ್’ ಎಂದು ಹೆಸರಿಟ್ಟರು. ಅಣುಗಳನ್ನು ವಿಂಗಡಿಸುತ್ತ ಕೂರುವ, ವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ ಭೂತದ ನೆನಪಿಗೆ. ಅದನ್ನು ಯಾರಾದರೂ ಚಾಲೂ ಮಾಡಬೇಕು, ಇಲ್ಲವೇ ಯಂತ್ರದೊಂದಿಗೆ ತಾನೇ ಏಳುವಂತೆ ಹೇಳಿಟ್ಟಿರಬೇಕು. ಕರೆಂಟು ಹೋಗಿ ಬಂದಾಗ ಅದು ಏಳದಿದ್ದರೆ ಪರದೆಯೇನೋ ಬೆಳಗುತ್ತದೆ, ಉತಾರ ಬರುವುದಿಲ್ಲ. ಬೆಳೆಸಾಲಕ್ಕೆ ಅದನ್ನೇ ಕಾಯುತ್ತಿರುವ ರೈತನಿಗೆ ಆಚೆಯಿಂದ ಒಂದೇ ಮಾತು: “ಸರ್ವರ್ ಇಲ್ರೀ ಯಜಮಾನ್ರ, ನಾಳೆ ಬರ್ರಿ.”