ಗುಣಾಕಾರಕ್ಕೆ ಸಿಗದ ಹಾರ

ಮುಂಬೈಯಿಂದ ವಾಡಿ ಮಾರ್ಗವಾಗಿ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರು ಸೇಡಂಗೆ ಮುನ್ನ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ದಾಟುತ್ತಾರೆ. ರಾಷ್ಟ್ರಕೂಟರ ಮಾನ್ಯಖೇಟ ಈ ಮಳಖೇಡವೇ. 9ನೇ ಶತಮಾನದಲ್ಲಿ ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕೇಳಿದರೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ಅರಸನ ಸ್ತುತಿ ಇರುವ ಇನ್ನೊಂದು ಗ್ರಂಥವನ್ನು ಮಾತ್ರ ಮರೆತಿದ್ದೇವೆ. ಅದು ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’.

ಅದರ ಗುಣಾಕಾರದ ಭಾಗದಲ್ಲಿ ತಮಾಷೆಯ ಲೆಕ್ಕಗಳಿವೆ. 14287143ನ್ನು 7ರಿಂದ ಗುಣಿಸಿದರೆ 100010001. 27994681ನ್ನು 441ರಿಂದ ಗುಣಿಸಿದರೆ 12345654321. ‘ಕನಕ’, ‘ವಿಕಟಕವಿ’ಗಳಂತೆ ಎರಡೂ ಕಡೆಯಿಂದ ಒಂದೇ ಓದು. ಇಂಥ ಉತ್ತರವನ್ನು ಮಹಾವೀರ ರತ್ನದ ಹಾರಕ್ಕೆ ಹೋಲಿಸುತ್ತಾನೆ.

ಅವನ ಹಾರಗಳೆಲ್ಲ ಗುಣಾಕಾರದಿಂದ ಹುಟ್ಟಿದವು. ಯಾವ ಗುಣಾಕಾರದಿಂದಲೂ ಹುಟ್ಟದ ಹಾರ, ಅಂದರೆ ಅವಿಭಾಜ್ಯ ಸಂಖ್ಯೆಯೂ ಆಗಿರುವ ಹಾರ, ಇದೆಯೇ? ಚಿಕ್ಕವು ಸುಲಭವಾಗಿ ಸಿಗುತ್ತವೆ: 11, 101, 131. ಆದರೆ ಒಂದು ಕಟ್ಟುಪಾಡಿದೆ. 1221ರಲ್ಲಿ ಮೊದಲ ಮತ್ತು ಮೂರನೆಯ ಅಂಕಿಗಳ ಮೊತ್ತ 3, ಎರಡನೆಯ ಮತ್ತು ನಾಲ್ಕನೆಯ ಅಂಕಿಗಳದ್ದೂ 3. ಹೀಗೆ ಸರಿಸಮವಾದರೆ ಸಂಖ್ಯೆ 11ರಿಂದ ಭಾಗವಾಗುತ್ತದೆ. ಸಮಸಂಖ್ಯೆಯ ಅಂಕಿಗಳಿರುವ ಎಲ್ಲ ಹಾರಗಳ ಹಣೆಬರಹವೂ ಇದೇ. 11 ಒಂದೇ ಅಪವಾದ. ಹಾಗಾಗಿ ಉದ್ದದ ಅವಿಭಾಜ್ಯ ಹಾರಕ್ಕೆ ನಡುವೆ ಒಂಟಿ ಪದಕ ಬೇಕೇ ಬೇಕು.

ಅಂಥ ಹಾರಗಳ ಬೆನ್ನು ಹತ್ತಿದವರಲ್ಲಿ ಅಮೆರಿಕದ ಎಂಜಿನಿಯರ್ ಹಾರ್ವೆ ಡಬ್ನರ್ ಒಬ್ಬರು. 1980ರ ದಶಕದಲ್ಲಿ ಮಗನ ಜೊತೆ ಸೇರಿ ಇಂಥ ಲೆಕ್ಕಕ್ಕೆಂದೇ ಯಂತ್ರ ಕಟ್ಟಿದವರು. ಅವರು ಕಂಡುಹಿಡಿದ ಒಂದು ಸಂಖ್ಯೆ ಇದು:

1000000000000066600000000000001

ಒಟ್ಟು 31 ಅಂಕಿ. ನಡುವೆ 666, ಅದರ ಎರಡೂ ಬದಿಗೆ 13 ಸೊನ್ನೆ, ತುದಿಗಳಲ್ಲಿ 1. ಸೊನ್ನೆಗಳನ್ನೆಲ್ಲ ತೆಗೆದರೆ ಉಳಿಯುವ 16661 ಕೂಡ ಅವಿಭಾಜ್ಯವೇ. ಅಲ್ಲಿಂದ ಎರಡೂ ಬದಿಗೆ ಒಂದೊಂದೇ ಸೊನ್ನೆ ಸೇರಿಸುತ್ತ ಹೋದರೆ ಮತ್ತೆ ಅವಿಭಾಜ್ಯ ಸಿಗುವುದು 13ನೆಯ ಹೆಜ್ಜೆಯಲ್ಲಿ. ಅದರ ನಂತರದ್ದು 42ನೆಯದರಲ್ಲಿ. ಸೆಕೆಂಡಿಗೆ 100 ಕೋಟಿ ಭಾಜಕಗಳಂತೆ ಒಂದೊಂದನ್ನೇ ಪರೀಕ್ಷಿಸಿದರೆ ಈ 31 ಅಂಕಿಯ ಸಂಖ್ಯೆಗೆ ಸುಮಾರು ಹನ್ನೊಂದೂವರೆ ದಿನ ಬೇಕು. ಇಂದಿನ ವಿಧಾನಗಳಿಗೆ ಕಣ್ಣುಮಿಟುಕಿಸುವಷ್ಟು ಹೊತ್ತು ಸಾಕು.

ಬೈಬಲಿನ ಪ್ರಕಟನೆ ಗ್ರಂಥದಲ್ಲಿ 666 ಮೃಗದ ಸಂಖ್ಯೆ. ಪಶ್ಚಿಮದವರಿಗೆ 13 ಅಪಶಕುನ. ಹಾಗಾಗಿ ಲೇಖಕ ಕ್ಲಿಫರ್ಡ್ ಪಿಕೋವರ್ ಇದಕ್ಕೆ ನರಕದ ಪಿಶಾಚಿ ಬೆಲ್ಫೆಗೋರನ ಹೆಸರಿಟ್ಟರು. ಸಂಖ್ಯೆಯ ಖ್ಯಾತಿಗೆ ಈ ಹೆಸರೇ ಕಾರಣ. ಆದರೆ ಅದರ ಅವಿಭಾಜ್ಯತೆಗೂ ಪಿಶಾಚಿಗೂ ಸಂಬಂಧವಿಲ್ಲ. ನಾವು ಎಣಿಸುವುದು ಹತ್ತರ ಪದ್ಧತಿಯಲ್ಲಿ. ಬೇರೆ ಪದ್ಧತಿಯಲ್ಲಿ ಬರೆದರೆ 666 ಮಾಯ, ಸೊನ್ನೆಗಳ ಸಾಲೂ ಮಾಯ. ಅವಿಭಾಜ್ಯತೆ ಮಾತ್ರ ಉಳಿಯುತ್ತದೆ.

ಒಂದೇ ಬಗೆಯ ಅಂಕಿಗಳ ಸಾಲಿನಲ್ಲಿ ಒಬ್ಬರಿಗೆ ಪಿಶಾಚಿ ಕಂಡಿತು, ಸಾವಿರ ವರ್ಷಕ್ಕೂ ಮೊದಲು ನಮ್ಮ ಕಡೆಯ ಗಣಿತಜ್ಞನಿಗೆ ಹಾರ ಕಂಡಿತ್ತು. ಮುಂದಿನ ಸಲ ಮಳಖೇಡ ರೋಡ್ ದಾಟುವಾಗ ಮೊಬೈಲ್ ತೆಗೆದು 152207ನ್ನು 73ರಿಂದ ಗುಣಿಸಿ ನೋಡಿ. ಅದೂ ಮಹಾವೀರ ಕೊಟ್ಟ ಲೆಕ್ಕವೇ.