ಸಿಂಗ್ಯುಲರ್

ಬಹುಪದೋಕ್ತಿಗಳ ಲೆಕ್ಕಾಚಾರಕ್ಕೆಂದೇ ರೂಪುಗೊಂಡ ಮುಕ್ತ ತಂತ್ರಾಂಶ. ಗೆರ್ಟ್-ಮಾರ್ಟಿನ್ ಗ್ರೊಯೆಲ್, ಗೆರ್ಹಾರ್ಡ್ ಫಿಸ್ಟರ್ ಮತ್ತು ಹಾನ್ಸ್ ಶೋನೆಮಾನ್ ಇದರ ಪ್ರಧಾನ ಕರ್ತೃಗಳು. ವಕ್ರರೇಖೆ ತನ್ನನ್ನೇ ಅಡ್ಡಹಾಯುವ ಅಥವಾ ಮೊನಚಾಗುವ ಬಿಂದುವನ್ನು ಗಣಿತದಲ್ಲಿ ಸಿಂಗ್ಯುಲಾರಿಟಿ ಎನ್ನುತ್ತಾರೆ. ತಂತ್ರಾಂಶದ ಹೆಸರು ಅಲ್ಲಿಂದ ಬಂದದ್ದು.

ಈ ಬಗೆಯ ತಂತ್ರಾಂಶಗಳಿಗೆಲ್ಲ ತಳಪಾಯ ಬ್ರೂನೋ ಬುಖ್‌ಬರ್ಗರ್ 1965ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧ. ಸಮೀಕರಣಗಳ ಗುಂಪೊಂದನ್ನು ಗ್ರೋಬ್ನರ್ ಬೇಸಿಸ್ ಎಂಬ ಸರಳ ರೂಪಕ್ಕೆ ತರುವ ವಿಧಾನವನ್ನು ಅದು ಕೊಟ್ಟಿತು. 1980ರ ದಶಕದಲ್ಲಿ ಅಮೆರಿಕದ ಮೆಕಾಲೆ, ಜಿನೋವಾದ ಕೊಕೊವಾ ಇದೇ ಹಾದಿಯಲ್ಲಿ ಹುಟ್ಟಿದವು.

ಸಿಂಗ್ಯುಲರ್‌ನ ಹುಟ್ಟಿಗೆ ಕಾರಣ ಬೇರೆ. ಒಂದೇ ಸಮೀಕರಣದ ಒಂಟಿ ಸಿಂಗ್ಯುಲಾರಿಟಿಯ ಪ್ವಾಂಕಾರೆ ಸಂಕೀರ್ಣವೆಂಬ ಬೀಜಗಣಿತದ ಸರಪಳಿ ‘ನಿಖರ’ (ಎಕ್ಸಾಕ್ಟ್) ಆಗಿದ್ದರೆ, ಚರಾಕ್ಷರಗಳಿಗೆ ತಕ್ಕ ತೂಕ ಕೊಟ್ಟು ಆ ಸಮೀಕರಣವನ್ನು ಎಲ್ಲ ಪದಗಳೂ ಸಮತೂಗುವ ರೂಪಕ್ಕೆ ತರಬಹುದೆಂದು ಕ್ಯೋಜಿ ಸೈಟೊ 1971ರಲ್ಲಿ ಸಾಧಿಸಿದ್ದರು. ಹಲವು ಸಮೀಕರಣಗಳು ಸೇರಿದಾಗಲೂ ಇದು ನಿಲ್ಲುತ್ತದೆಯೇ ಎಂಬುದು ಗ್ರೊಯೆಲ್ ಮತ್ತು ಫಿಸ್ಟರ್ ಎತ್ತಿಕೊಂಡ ಪ್ರಶ್ನೆ. ಕೈಲೆಕ್ಕ ಸಾಲಲಿಲ್ಲ, ಆಗ ಇದ್ದ ತಂತ್ರಾಂಶಗಳೂ ನೆರವಾಗಲಿಲ್ಲ.

ತೊಡಕು ಇದ್ದದ್ದು ಗ್ರೋಬ್ನರ್ ಬೇಸಿಸ್ ಕಂಡುಹಿಡಿಯಲು ಬೇಕಾದ ಭಾಗಾಕಾರದಲ್ಲಿ. ಬಿಂದುವೊಂದರ ಆಸುಪಾಸನ್ನಷ್ಟೇ ನೋಡುವಾಗ ಕಡಿಮೆ ಘಾತದ ಪದವನ್ನೇ ಮುಖ್ಯವೆಂದು ಎಣಿಸಬೇಕು. ಹಾಗೆಣಿಸಿ ಎಕ್ಸ್ ಅನ್ನು ‘ಎಕ್ಸ್ ಮೈನಸ್ ಎಕ್ಸ್ ವರ್ಗ’ದಿಂದ ಭಾಗಿಸಿದರೆ ಶೇಷ ಎಕ್ಸ್ ವರ್ಗ, ಅದನ್ನು ಮತ್ತೆ ಭಾಗಿಸಿದರೆ ಎಕ್ಸ್ ಘನ, ಹೀಗೆ ಕೊನೆಯೇ ಇಲ್ಲ. ಇಟಲಿಯ ತಿಯೊ ಮೋರಾ 1982ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು: ನಡುವೆ ಸಿಕ್ಕ ಭಾಜ್ಯವನ್ನೂ ಭಾಜಕಗಳ ಸಾಲಿಗೆ ಸೇರಿಸುವುದು. ಮೇಲಿನ ಲೆಕ್ಕದಲ್ಲಿ ಎಕ್ಸ್ ಕೂಡ ಭಾಜಕವಾಗುವುದರಿಂದ ಎರಡನೆಯ ಹೆಜ್ಜೆಯಲ್ಲೇ ಶೇಷ ಸೊನ್ನೆಯಾಗುತ್ತದೆ.

ಮೊದಲ ಕ್ರಮವಿಧಿಯ ಬಗ್ಗೆ ಎರಡು ಹೇಳಿಕೆಗಳಿವೆ. 1984ರಲ್ಲಿ ಪೂರ್ವ ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಅಟಾರಿ ಯಂತ್ರದ ಮೇಲೆ, ಮಾಡ್ಯುಲಾ-2 ಭಾಷೆಯಲ್ಲಿ ಮೋರಾ ವಿಧಾನವನ್ನು ಬರೆದದ್ದೇ ಆರಂಭವೆಂದು ತಂತ್ರಾಂಶದ ಕೈಪಿಡಿ ಹೇಳುತ್ತದೆ. ಫಿಸ್ಟರ್ ಉಪನ್ಯಾಸಗಳಲ್ಲಿ ಅದೇ ವರ್ಷಕ್ಕೆ ಕೊಡುವ ವಿವರ ಬೇರೆ: ಟಿವಿಗೆ ಜೋಡಿಸುವ ಪುಟ್ಟ ಝಡ್‌ಎಕ್ಸ್ ಸ್ಪೆಕ್ಟ್ರಮ್, ಬೇಸಿಕ್ ಭಾಷೆ, ಗ್ರೋಬ್ನರ್ ಬೇಸಿಸ್. ಅಟಾರಿ ಎಸ್‌ಟಿ ಮಾರುಕಟ್ಟೆಗೆ ಬಂದದ್ದೇ 1985ರಲ್ಲಿ. ಕೈಪಿಡಿ ಹೇಳುವುದು ಆ ಮಾದರಿಯನ್ನೇ ಆದರೆ, ಒಂದರ ಹಿಂದೊಂದು ನಡೆದ ಎರಡು ಹಂತಗಳು ಅಲ್ಲಿ ಒಂದೇ ವರ್ಷಕ್ಕೆ ಸೇರಿಹೋಗಿವೆ ಎನ್ನಬೇಕಾಗುತ್ತದೆ. ಗ್ರೊಯೆಲ್ ಮತ್ತು ಫಿಸ್ಟರ್ ಎತ್ತಿಕೊಂಡ ಪ್ರಶ್ನೆಯ ಉತ್ತರದ ವಿಷಯದಲ್ಲಿ ಗೊಂದಲವಿಲ್ಲ: ಸೈಟೊ ಪ್ರಮೇಯ ಹಲವು ಸಮೀಕರಣಗಳಿಗೆ ವಿಸ್ತರಿಸುವುದಿಲ್ಲವೆಂದು ತೋರಿಸುವ ಪ್ರತಿ-ಉದಾಹರಣೆಗಳನ್ನು ಫಿಸ್ಟರ್ ಮತ್ತು ಶೋನೆಮಾನ್ 1989ರಲ್ಲಿ ಪ್ರಕಟಿಸಿದರು.

ಜರ್ಮನಿ ಒಂದಾದ ಮೇಲೆ, 1990ರ ದಶಕದ ಆರಂಭದಲ್ಲಿ, ಕೆಲಸ ಕೈಸರ್ಸ್‌ಲಾಟರ್ನ್‌ಗೆ ಸ್ಥಳಾಂತರಗೊಂಡಿತು. ಕ್ರಮವಿಧಿಯನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. 1.0 ಆವೃತ್ತಿ 1997ರಲ್ಲಿ ಹೊರಬಂತು. 2004ರಲ್ಲಿ ತಂಡಕ್ಕೆ ರಿಚರ್ಡ್ ಜೆಂಕ್ಸ್ ಸ್ಮಾರಕ ಪ್ರಶಸ್ತಿ ಸಂದಿತು.

ಇದು ಜಿಪಿಎಲ್ ಪರವಾನಗಿಯಡಿ ಸಿಗುವುದರಿಂದ ಬೇರೆ ತಂತ್ರಾಂಶಗಳ ಒಳಗೂ ಸೇರಿಕೊಂಡಿದೆ. ವಿಲಿಯಂ ಸ್ಟೈನ್ 2005ರಲ್ಲಿ ಆರಂಭಿಸಿದ ಸೇಜ್ ಬಹುಪದೋಕ್ತಿಗಳ ಕೆಲಸವನ್ನು ಬಹುಮಟ್ಟಿಗೆ ಇದಕ್ಕೇ ಒಪ್ಪಿಸುತ್ತದೆ. ಪ್ರತಿಸ್ಪರ್ಧಿಯೆಂದು ಹೆಸರಾದ ಮೆಕಾಲೆ-2 ಕೂಡ ಅಪವರ್ತಿಸಲು ಸಿಂಗ್ಯುಲರ್‌ನ ಫ್ಯಾಕ್ಟರಿ ಎಂಬ ಭಾಗವನ್ನು ಬಳಸುತ್ತದೆ. ಜೂಲಿಯಾ ಭಾಷೆಯ ಆಸ್ಕರ್ ವ್ಯವಸ್ಥೆಯಲ್ಲಿ ಗ್ಯಾಪ್, ಪಾಲಿಮೇಕ್‌ಗಳ ಜೊತೆಗೆ ಸಿಂಗ್ಯುಲರ್ ಒಂದು ಆಧಾರಸ್ತಂಭ.